ಕತ್ತಲೆಯ ಪಕ್ಷದ ಭಾನುಮತಿ

ಭಾನುಮತಿಗೆ ತಲೆ ಕೆಟ್ಟಿದೆ ಎಂದು ಕಾಲನಿಯ ಅರ್ಧ ಜನ ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದರ್ಧ ಜನ ಹೇಳುತ್ತಿರಲಿಲ್ಲ, ಒಪ್ಪಿಕೊಂಡಿದ್ದರು ಅಷ್ಟೇ. ಅಲ್ಲ, ನೀವೇ ಹೇಳಿ, ಕರೆಂಟ್ ಹೋದರೆ ಯಾರಾದರೂ ಖುಷಿಪಡುತ್ತಾರೆಯೇ? ತೊಂಬತ್ತರ ದಶಕದ ಬೇಸಿಗೆಗಳವು. ಸಂಜೆಯಾಯಿತೆಂದರೆ ಲೋಡ್ ಶೆಡ್ಡಿಂಗ್. ಪೀಣ್ಯದಿಂದ ಮಾಕಳಿಯ ಆಚೆಯವರೆಗೆ ತುಮಕೂರು ರಸ್ತೆಯ ಎರಡೂ ಬದಿ ಒಮ್ಮೆಗೇ ಆರಿಹೋಗುತ್ತಿತ್ತು. ಫ್ಯಾನು ನಿಂತು, ಟೀವಿಯಲ್ಲಿ ಅಳುತ್ತಿದ್ದವರ ಅಳು ಅರ್ಧಕ್ಕೇ ನಿಂತು, ಮನೆಮನೆಯಿಂದ ಕರೆಂಟಿನವರಿಗೆ ಮಂಗಳಾರತಿ ಶುರುವಾಗುತ್ತಿತ್ತು. ಆ ಹೊತ್ತಿಗೆ ಇವಳೊಬ್ಬಳು ಕಂಕುಳಲ್ಲಿ ಚಾಪೆ ಸಿಕ್ಕಿಸಿಕೊಂಡು, ಹಬ್ಬಕ್ಕೆ ಹೊರಟವಳ ಹಾಗೆ ಮೈದಾನಕ್ಕೆ ಹೊರಡುತ್ತಿದ್ದಳು.

ಅದು ಸರ್ಕಾರಿ ವಾಲ್ವ್ ಕಾರ್ಖಾನೆಯೊಂದರ ಕಾಲನಿ. ಮಾಕಳಿ ದಾಟಿದ ಮೇಲೆ ಸಣ್ಣ ಏರಿನ ಮೇಲೆ ಕ್ವಾರ್ಟರ್ಸ್, ಅದರ ದಕ್ಷಿಣಕ್ಕೆ ಮೈದಾನ, ಅಲ್ಲಿಂದಾಚೆ ನೆಲ ಇಳಿದುಕೊಂಡು ಹೋಗಿ ಮಾಗಡಿ ಕಡೆಯ ಗುಡ್ಡಗಳು. ಮಿಕ್ಕ ಮೂರು ದಿಕ್ಕಿಗೂ ಕಾರ್ಖಾನೆಗಳ ದೀಪ, ಲಾರಿಗಳ ದೀಪ. ದಕ್ಷಿಣ ಒಂದೇ ಉಳಿದಿತ್ತು. ಭಾನುಮತಿಯ ಅಪ್ಪ ಅದೇ ಕಾರ್ಖಾನೆಯ ಎರಕದ ವಿಭಾಗದಲ್ಲಿದ್ದು, ಸರ್ವಿಸಿನಲ್ಲೇ ತೀರಿಕೊಂಡ. ಅವನ ಬದಲು ಮಗಳಿಗೆ ಕೆಲಸ ಸಿಕ್ಕಿತು. ಅಮ್ಮನೂ ಹೋದ ಮೇಲೆ ಆ ಕ್ವಾರ್ಟರ್ಸಿನಲ್ಲಿ ಇವಳೊಬ್ಬಳೇ. ಮದುವೆ ಆಗಲಿಲ್ಲ. ನೋಡಲು ಬಂದ ಗಂಡುಗಳನ್ನೆಲ್ಲ ಇವಳೇ ರಿಜೆಕ್ಟ್ ಮಾಡಿದಳು ಎಂದು ಕಾಲನಿಯವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನಿಲ್ಲ. ಅವಳ ಕೆಲಸವೇ ಅದು.

ಎರಕ ಹೊಯ್ದ ವಾಲ್ವುಗಳಿಗೆ ಎಕ್ಸ್‌ರೇ ಹಿಡಿದು, ಕತ್ತಲ ಕೋಣೆಯ ಮಂಕು ಕೆಂಪು ದೀಪದಲ್ಲಿ ಫಿಲ್ಮ್ ತೊಳೆದು, ಒಣಗಿದ ಮೇಲೆ ಹಿಂದೆ ದೀಪವಿದ್ದ ಹಾಲುಗಾಜಿಗೆ ಹಿಡಿದು ನೋಡುವುದು. ಲೋಹ ಗಟ್ಟಿಯಾಗಿದ್ದ ಕಡೆ ಫಿಲ್ಮು ಬೆಳ್ಳಗಿರುತ್ತದೆ. ಒಳಗೆ ಗಾಳಿಗುಳ್ಳೆ ಕೂತಿದ್ದರೆ ಅಲ್ಲಿ ಕಪ್ಪು ಕಲೆ. ಕಪ್ಪು ಕಂಡರೆ ಪೊಳ್ಳು, ಪೊಳ್ಳು ಕಂಡರೆ ಭಾನುಮತಿಯ ಕೈಯ ಕೆಂಪು ಮೇಣದ ಬಳಪ ಆ ವಾಲ್ವಿನ ಬೆನ್ನ ಮೇಲೆ ಒಂದು ಅಡ್ಡಗೀಟು, ಒಂದು ಉದ್ದಗೀಟು ಎಳೆಯುತ್ತಿತ್ತು. ಆ ಗುರುತು ಬಿದ್ದ ಮಾಲು ಮತ್ತೆ ಕುಲುಮೆಗೇ. ಒಂದು ಸಲ ಸಾಗಣೆಯ ಅವಸರದಲ್ಲಿ ಜನರಲ್ ಮ್ಯಾನೇಜರೇ ಬಂದು, ಇಷ್ಟು ಚಿಕ್ಕ ಕಲೆ, ಬಿಟ್ಟುಬಿಡಮ್ಮ ಎಂದು ಕೇಳಿಕೊಂಡರು. ಭಾನುಮತಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಈ ವಾಲ್ವು ಒಡೆದರೆ ಆವಿಯ ಮುಂದೆ ನಿಲ್ಲುವವರು ನೀವಲ್ಲ ಸಾರ್ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಮಾಲು ಕುಲುಮೆಗೆ ಹೋಯಿತು.

ದಿನವೆಲ್ಲ ಕತ್ತಲಲ್ಲಿ ಕಳೆದ ಕಣ್ಣು ಅವಳದು. ಲೋಡ್ ಶೆಡ್ಡಿಂಗಿನಲ್ಲಿ ಮಿಕ್ಕವರು ಗೋಡೆ ತಡವರಿಸಿಕೊಂಡು ಮೇಣದಬತ್ತಿ ಹುಡುಕುವಾಗ ಇವಳು ಆರಾಮಾಗಿ ಮೆಟ್ಟಿಲಿಳಿದು ಹೊರಗೆ ಬರುತ್ತಿದ್ದಳು. ಹಾಗೆ ಬಂದವಳಿಗೆ ಆಕಾಶ ಕಂಡಿತು. ಕಂಡದ್ದು ಹಿಡಿಸಿತು. ಕಾರ್ಖಾನೆಯ ಲೈಬ್ರರಿಯಿಂದ ಪುಸ್ತಕ ತಂದು ಓದಿದಳು. ಸೆಖೆ ತಾಳದೆ ಮೈದಾನಕ್ಕೆ ಬಂದು ಕೂತ ಹೆಂಗಸರಿಗೆ ತೋರಿಸತೊಡಗಿದಳು. ಬೇಸಿಗೆಯ ಮೊದಲಲ್ಲಿ ಮಹಾವ್ಯಾಧನೆಂಬ ಬೇಟೆಗಾರ ನಕ್ಷತ್ರಪುಂಜದ ಸೊಂಟದ ಕತ್ತಿ, ಅದರ ನಡುವೆ ನಕ್ಷತ್ರವೆಂದುಕೊಂಡದ್ದು ನಕ್ಷತ್ರವಲ್ಲ, ಬೆಳಗುವ ಮೋಡ, ನೀಹಾರಿಕೆ. ಬೇಸಿಗೆ ಬಲಿತ ಮೇಲೆ ದಕ್ಷಿಣದ ಗುಡ್ಡಗಳ ಮೇಲೆ ತ್ರಿಶಂಕುವಿನ ನಾಲ್ಕು ನಕ್ಷತ್ರ, ಅದರ ಬಲಕ್ಕೆ ಒಲೆಯ ಹೊಗೆ ನಿಂತ ಹಾಗೆ ಇನ್ನೊಂದು ಬೆಳ್ಳನೆಯ ನೀಹಾರಿಕೆ. ಬೀಸಣಿಗೆ ಬೀಸಿಕೊಳ್ಳುತ್ತ ಬಂದ ಹೆಂಗಸರು ಬೀಸುವುದನ್ನು ಮರೆತು ಕೂರುತ್ತಿದ್ದರು. ಗಂಡನಿಗೆ ಅನ್ನ, ಮಕ್ಕಳಿಗೆ ಪಾಠ, ನಾಳೆಯ ತಿಂಡಿ, ಇಷ್ಟರಿಂದ ಯಾರೂ ಕೇಳದೆ ಸಿಕ್ಕ ರಜೆ ಅದು. ಗಂಡಸರು ಮೂಗು ಮುರಿದರು. ಹೆಂಗಸರು ಸೊಪ್ಪು ಹಾಕಲಿಲ್ಲ.

ತ್ರಿಶಂಕುವಿನ ಕೆಳಗೆ ಎಡಕ್ಕೆ ಇನ್ನೊಂದು ವಿಚಿತ್ರವಿತ್ತು. ಹಾಲು ಚೆಲ್ಲಿದಂತಿದ್ದ ಆಕಾಶಗಂಗೆಯ ಬೆಳಕಿನ ಪಟ್ಟಿಯ ನಡುವೆ ಅಂಗೈಯಗಲದ ಕಪ್ಪು ಮಚ್ಚೆ. ಅಲ್ಲಿ ಒಂದು ಚುಕ್ಕೆಯೂ ಇಲ್ಲ. ಪುಸ್ತಕದಲ್ಲಿ ಅದಕ್ಕೆ ಇದ್ದಿಲ ಚೀಲ ಎಂದು ಹೆಸರಿತ್ತು, ವಿವರಣೆಯಿದ್ದ ಪುಟವನ್ನು ಯಾರೋ ಪುಣ್ಯಾತ್ಮರು ಹರಿದುಕೊಂಡು ಹೋಗಿದ್ದರು. ಭಾನುಮತಿಗೆ ಪುಟ ಯಾಕೆ ಬೇಕು? ಇಷ್ಟು ವರ್ಷ ಕಪ್ಪು ಕಲೆ ನೋಡಿದ ಕಣ್ಣು. ನೋಡಿದ ತಕ್ಷಣ ತೀರ್ಪು ಕೊಟ್ಟೇಬಿಟ್ಟಳು. ಆಕಾಶದ ಎರಕದಲ್ಲಿ ಗಾಳಿಗುಳ್ಳೆ ಕೂತಿದೆ, ಅದೊಂದು ಪೊಳ್ಳು, ಅಲ್ಲಿ ಏನೂ ಇಲ್ಲ ಎಂದು ಡಂಗುರ ಸಾರಿದಳು. ಎಕ್ಸ್‌ರೇ ಭಾನುಮತಿ ಹೇಳಿದ ಮೇಲೆ ಮುಗಿಯಿತು. ಕಾಲನಿಯ ಮಕ್ಕಳು ಶಾಲೆಗೆ ಹೋಗಿ ಆಕಾಶಕ್ಕೆ ತೂತು ಬಿದ್ದಿದೆ ಎಂದು ಹೇಳಿ ಬೈಸಿಕೊಂಡು ಬಂದವು.

ಒಪ್ಪದವಳು ಒಬ್ಬಳೇ. ಕಾಲನಿ ಸಂಘದ ಅಧ್ಯಕ್ಷ ಮಡಿವಾಳಪ್ಪನ ಹೆಂಡತಿ ಶಿವಲಿಂಗಮ್ಮ. ಧಾರವಾಡದ ಕಡೆಯವಳು, ಹೆಚ್ಚು ಮಾತಿನವಳಲ್ಲ. ಆವತ್ತು ಮಾತ್ರ ಚಾಪೆಯ ಮೂಲೆಯಿಂದ ಮೆಲ್ಲಗೆ ಹೇಳಿದಳು.

"ಖಾಲಿ ಅಲ್ಲ ಬಿಡ್ರಿ ಅದು. ದಿನಾ ಮುಂಜಾನೆ ಅಂಗೈಯಾಗ ಲಿಂಗ ಇಟ್ಕೊಂಡು ಕರೀದನ್ನ ನೋಡಾಕಿ ನಾನು. ಕರೀದರಾಗ ಏನೂ ಇಲ್ಲ ಅಂತ ನನಗ ಒಮ್ಮೆನೂ ಅನಿಸಿಲ್ಲ."

ಭಾನುಮತಿ ನಕ್ಕು, ಪೂಜೆ ಬೇರೆ ಎಕ್ಸ್‌ರೇ ಬೇರೆ ಎಂದಳು. ಪಟ್ಟು ಬಿಡಲಿಲ್ಲ. ಮುಂದಿನ ಬೇಸಿಗೆಯವರೆಗೂ ಅದು ತೂತಾಗಿಯೇ ಉಳಿಯಿತು.

ಆಮೇಲೆ ಒಂದು ಭಾನುವಾರ ಊರೊಳಗಿನ ತಾರಾಲಯದಲ್ಲಿ ಸಾರ್ವಜನಿಕರಿಗೆ ಉಪನ್ಯಾಸವಿತ್ತು. ಭಾನುಮತಿ ಎರಡು ಬಸ್ಸು ಬದಲಿಸಿ ಹೋದಳು. ಪರದೆಯ ಮೇಲೆ ಅದೇ ಕಪ್ಪು ಮಚ್ಚೆ ಬಂದಾಗ ಎದ್ದುನಿಂತು, ಈ ತೂತು ಎಷ್ಟು ಆಳ ಇದೆ ಸಾರ್ ಎಂದು ಕೇಳಿದಳು. ಸಭೆ ಗೊಳ್ಳೆಂದಿತು. ಉಪನ್ಯಾಸಕರು ಪಾಪ, ನಗಲಿಲ್ಲ. ಹಿಂದಿನ ಕಾಲದ ದೊಡ್ಡ ದೊಡ್ಡವರೂ ಹಾಗೆಯೇ ಅಂದುಕೊಂಡಿದ್ದರು ಎಂದು ಸಮಾಧಾನ ಹೇಳಿ ವಿವರಿಸಿದರು. ಅದು ತೂತಲ್ಲ, ಧೂಳು ಮತ್ತು ಅನಿಲದ ಮಹಾ ಮೋಡ. ಹಿಂದಿನ ನಕ್ಷತ್ರಗಳ ಬೆಳಕನ್ನು ತಡೆಯುವಷ್ಟು ತುಂಬಿಕೊಂಡಿದೆ, ಅದಕ್ಕೇ ಕಪ್ಪು. ಬೆಳಗುವ ನೀಹಾರಿಕೆಯೂ ಇಂಥದೇ ಮೋಡ, ಅದರಲ್ಲಿ ಹೊಸ ನಕ್ಷತ್ರಗಳು ಹುಟ್ಟಿ ದೀಪ ಹತ್ತಿದೆ. ಇಂಥ ಕತ್ತಲ ಹೊಟ್ಟೆಯಲ್ಲೇ ಅವು ಹುಟ್ಟುವುದು.

ವಾಪಸು ಬರುವ ಬಸ್ಸಿನಲ್ಲಿ ಭಾನುಮತಿಗೆ ಕಿಟಕಿಯಾಚೆಯ ಯಶವಂತಪುರವೂ ಕಾಣಲಿಲ್ಲ, ಪೀಣ್ಯವೂ ಕಾಣಲಿಲ್ಲ. ನಾಚಿಕೆ ಒಂದು ಕಡೆ, ಅದಕ್ಕಿಂತ ಜಾಸ್ತಿ ಸಂತೋಷ ಇನ್ನೊಂದು ಕಡೆ. ಸಂಜೆ ಕರೆಂಟ್ ಹೋಗುವುದನ್ನೇ ಕಾದಿದ್ದು, ಎಲ್ಲರೂ ಸೇರಿದ ಮೇಲೆ ಎದ್ದುನಿಂತು ಒಪ್ಪಿಕೊಂಡಳು.

"ನಾನು ರಿಜೆಕ್ಟ್ ಮಾಡಿದ್ದು ಒಳ್ಳೇ ಮಾಲು ಕಣ್ರೀ. ಅಲ್ಲಿ ಏನೂ ಇಲ್ಲ ಅಂದಿದ್ದೆ. ಅಲ್ಲೇ ಎಲ್ಲಾ ಇರೋದು."

ಶಿವಲಿಂಗಮ್ಮ ಚಾಪೆಯಲ್ಲಿ ಸ್ವಲ್ಪ ಸರಿದು, ಪಕ್ಕದಲ್ಲಿ ಕೂರಲು ಜಾಗ ಮಾಡಿಕೊಟ್ಟಳು. ಅಂದಿನಿಂದ ಆ ಕಪ್ಪು ಮಚ್ಚೆ ಭಾನುಮತಿಗೆ ಸ್ವಂತದ್ದಾಯಿತು. ಹೆಣ್ಣು ನೋಡಲು ಬಂದವರು, ಬೀದಿಯ ಜನ, ಮ್ಯಾನೇಜರುಗಳು, ಯಾರೆಲ್ಲ ತನ್ನನ್ನು ನೋಡಿ ಇವಳ ಬದುಕಿನಲ್ಲಿ ಏನೂ ಇಲ್ಲ ಎಂದು ತೀರ್ಮಾನ ಮಾಡಿದ್ದರೋ, ಅವರೆಲ್ಲರಿಗೂ ಸೇರಿಸಿ ಅದು ಅವಳ ಉತ್ತರವಾಗಿತ್ತು. ಜೋರಾಗಿ ಹೇಳಲಿಲ್ಲ, ಅಷ್ಟೇ.

ಇಷ್ಟರಲ್ಲಿ ಸರದ ಪ್ರಸಂಗ ನಡೆಯಿತು. ಒಂದು ಸಂಜೆ ಕೆಲಸ ಮುಗಿಸಿ ತುಮಕೂರು ರಸ್ತೆಯ ಸ್ಟಾಪಿನಲ್ಲಿ ಬಸ್ಸಿಳಿದಳು. ಕಂಬದ ಟ್ಯೂಬ್‌ಲೈಟು ಧಾರಾಳವಾಗಿ ಉರಿಯುತ್ತಿತ್ತು. ಅದರ ಕೆಳಗೇ ಬೈಕು ಬಂದು ನಿಂತಿತು, ಹಿಂದೆ ಕೂತವನು ಕೈ ಚಾಚಿದ, ಅವಳ ಅಮ್ಮನ ಎರಡೆಳೆಯ ಸರ ಹೋಯಿತು. ಕತ್ತಿನ ಮೇಲೆ ಗೀರು ಬಿದ್ದು ರಕ್ತ ಬಂತು. ಅಮ್ಮ ಸಾಯುವ ಮುಂಚೆ ತನ್ನ ಕೈಯಾರೆ ತೆಗೆದು ಮಗಳಿಗೆ ಹಾಕಿದ ಸರ ಅದು. ಭಾನುಮತಿ ಬಹಳ ಅತ್ತಳು. ಬಟ್ಟೆ ಬದಲಿಸುವಾಗಲೆಲ್ಲ ಕೈ ತಾನಾಗಿ ಕತ್ತಿಗೆ ಹೋಗಿ, ಅಲ್ಲಿ ಏನೂ ಸಿಗದೆ, ಮತ್ತೆ ಅಳು ಬರುತ್ತಿತ್ತು.

ಸರ ಹೋದದ್ದು ಬಸ್ ಸ್ಟಾಪಿನಲ್ಲಿ, ದೀಪದ ಕೆಳಗೆ. ಆದರೆ ಕಾಲನಿಯ ಬಾಯಿಂದ ಬಾಯಿಗೆ ಹೋಗುತ್ತ ಆ ಕಳ್ಳ ಬಸ್ ಸ್ಟಾಪಿನಿಂದ ಗೇಟಿಗೆ ಬಂದ, ಗೇಟಿನಿಂದ ಮೈದಾನಕ್ಕೆ ಬಂದ, ಕೊನೆಗೆ ಕತ್ತಲಲ್ಲಿ ಚಾಪೆಯ ಹಿಂದೆಯೇ ಹೊಂಚು ಹಾಕಿ ಕೂತುಬಿಟ್ಟ. ಕತ್ತಲಲ್ಲಿ ಹೆಂಗಸರು ಕೂತರೆ ಇನ್ನೇನಾಗುತ್ತದೆ ಎಂದರು. ಇವರಿಗೆಲ್ಲ ಏನು ಬಂದಿತ್ತೋ! ಕಳಕೊಂಡವಳು ಎದುರಿಗೇ ನಿಂತು ನಡೆದದ್ದನ್ನು ಹೇಳುತ್ತಿದ್ದರೂ ನಂಬದೆ, ಅವಳಿಗೇ ತಿದ್ದಿ ಹೇಳಿದರು.

ಮಡಿವಾಳಪ್ಪ ಕೆಟ್ಟವನಲ್ಲ. ಅದನ್ನು ಹೇಳಲೇಬೇಕು. ಸ್ಟೋರ್ಸ್ ವಿಭಾಗದ ಸೂಪರ್‌ವೈಸರ್, ಬೇರೆಯವರ ಒಂದು ಮೊಳೆಯನ್ನೂ ಮುಟ್ಟಿದವನಲ್ಲ, ಹಿಡಿದ ಕೆಲಸ ಮುಗಿಸದೆ ಬಿಟ್ಟವನೂ ಅಲ್ಲ. ಕಾಲನಿಯ ಹೆಣ್ಣುಮಗಳೊಬ್ಬಳ ಕತ್ತಿನಿಂದ ರಕ್ತ ಬಂದದ್ದಕ್ಕೆ ಅವನಿಗೆ ನಿಜವಾಗಿ ನೋವಾಗಿತ್ತು. ಸಂಘದ ಸಭೆ ಕರೆದ. ಮೈದಾನದ ನಟ್ಟನಡುವೆ ಎತ್ತರದ ಕಂಬ, ಅದರ ತಲೆಯ ಸುತ್ತ ಪ್ರಖರ ದೀಪಗಳು, ಲೋಡ್ ಶೆಡ್ಡಿಂಗಿನಲ್ಲೂ ಉರಿಯಲು ಡೀಸೆಲ್ ಜನರೇಟರು. ರಾತ್ರಿಯಿಡೀ ಹಗಲು. ಎಲ್ಲರೂ ಚಪ್ಪಾಳೆ ತಟ್ಟಿದರು.

ಭಾನುಮತಿ ಎದ್ದುನಿಂತು ಬೇಡ ಎಂದಳು. ಬಸ್ ಸ್ಟಾಪಿಗೆ ಒಬ್ಬ ವಾಚ್‌ಮನ್ ಹಾಕಿ, ಮೈದಾನ ಬಿಟ್ಟುಬಿಡಿ, ಆ ದೀಪ ಹತ್ತಿದರೆ ದಕ್ಷಿಣದ ಆಕಾಶ ಮತ್ತೆ ನಮಗೆ ಕಾಣುವುದಿಲ್ಲ ಎಂದಳು. ನಿಮ್ಮ ಸಲುವಾಗಿಯೇ ಮಾಡುತ್ತಿರುವುದು ಮೇಡಂ ಎಂದ ಮಡಿವಾಳಪ್ಪ. ಪಾಪ, ಆಘಾತದಲ್ಲಿದ್ದಾಳೆ ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಅವಳ ಮಾತು ಅಲ್ಲಿಗೆ ಮುಗಿಯಿತು. ಬೇಸಿಗೆ ಬರುವ ಹೊತ್ತಿಗೆ ಕಂಬ ಎದ್ದಿತು. ಸಾಲದ್ದಕ್ಕೆ ಮಡಿವಾಳಪ್ಪನಿಗೆ ಒಂದು ಭಾರೀ ಯೋಚನೆ ಹೊಳೆಯಿತು. ಸರ ಕಳಕೊಂಡ ಹೆಣ್ಣುಮಗಳ ಕೈಯಿಂದಲೇ ದೀಪ ಹತ್ತಿಸಬೇಕು. ಕಂಬದ ಬುಡದಲ್ಲಿ ಗ್ರಾನೈಟ್ ಕಲ್ಲು ಕೂರಿಸಿ, ಶ್ರೀಮತಿ ಎಂದು ಬರೆಸುವುದೋ ಕುಮಾರಿ ಎಂದು ಬರೆಸುವುದೋ ಎಂದು ಗೊಂದಲಪಟ್ಟು, ಕೊನೆಗೆ ಎರಡನ್ನೂ ಬಿಟ್ಟು, 'ಭಾನುಮತಿಯವರು ಈ ದೀಪಸ್ತಂಭವನ್ನು ಉದ್ಘಾಟಿಸಿದರು' ಎಂದು ಕೆತ್ತಿಸಿಯೇಬಿಟ್ಟ. ಅವಳನ್ನು ಕೇಳಲಿಲ್ಲ. ಆಮೇಲೆ ಕೇಳಿದಾಗ ಅವಳು ನಾನು ಬರಲ್ಲ ಎಂದಳು. ಅವನು ಅದನ್ನು ಸಂಕೋಚ ಅಂದುಕೊಂಡ.

ಬಸವ ಜಯಂತಿಯ ಸಂಜೆ ಕಾರ್ಯಕ್ರಮ. ಹಿಂದಿನ ದಿನ ಮಳೆ ಬಂದು ಗಾಳಿಯ ಧೂಳೆಲ್ಲ ತೊಳೆದುಹೋಗಿತ್ತು. ಪಶ್ಚಿಮದಲ್ಲಿ ಎಳೆಯ ಚಂದ್ರ. ಮೈದಾನದಲ್ಲಿ ಶಾಮಿಯಾನ, ವೇದಿಕೆ, ಜನರಲ್ ಮ್ಯಾನೇಜರು ಮುಖ್ಯ ಅತಿಥಿ. ಭಾನುಮತಿ ಬಂದಳು. ಕೆಲಸದಿಂದ ನೇರವಾಗಿ, ಹೆಗಲ ಚೀಲದ ಸಮೇತ. ಬರದೆ ಮನೆಯಲ್ಲಿ ಕೂತರೆ ಆ ಕಲ್ಲು ತನ್ನ ಹೆಸರಿನಲ್ಲಿ ಸುಳ್ಳು ಹೇಳುತ್ತ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಈ ಒಂದು ಗುಂಡಿ ಒತ್ತಿದರೆ ಎಲ್ಲರ ಪಾಲಿಗೆ ಒಳ್ಳೆಯವಳು, ಒತ್ತದಿದ್ದರೆ ಈ ಕಾಲನಿಯಲ್ಲಿ ಇನ್ನು ಬಾಳುವುದು ಕಷ್ಟ. ಒತ್ತಿದರೆ ಇದ್ದಿಲ ಚೀಲ ಹೋಯಿತು.

ಭಾಷಣಗಳು ನಡೆಯುತ್ತಿದ್ದಂತೆ ಸರಿಯಾಗಿ ಕರೆಂಟ್ ಹೋಯಿತು. ವೇದಿಕೆಯ ಪಕ್ಕದಲ್ಲಿದ್ದ, ಮಡಿವಾಳಪ್ಪನ ಸ್ಟೋರ್ಸಿನ ಹುಡುಗ ನಿಂಗಪ್ಪ ಹೊಸ ಜನರೇಟರನ್ನು ಗುಡುಗಿಸಿದ. ಶಾಮಿಯಾನದ ದೀಪಗಳು ಮತ್ತೆ ಹತ್ತಿದವು. ಇದಕ್ಕಿಂತ ಶುಭ ಮುಹೂರ್ತ ಬೇಕೇ ಎಂದು ಮಡಿವಾಳಪ್ಪ ಹಿಗ್ಗಿಹೋದ. ಹೂವಿನ ಹಾರ ಸುತ್ತಿದ ಸ್ವಿಚ್ಚಿನ ಪೆಟ್ಟಿಗೆಯ ಮುಂದೆ ಭಾನುಮತಿಯನ್ನು ನಿಲ್ಲಿಸಿ, ಒತ್ರಿ ಮೇಡಂ ಎಂದ.

"ಒತ್ತಲ್ಲ ಸಾರ್" ಎಂದಳು ಭಾನುಮತಿ. ಮೈಕು ಎದುರಿಗೇ ಇತ್ತು. ಇಡೀ ಮೈದಾನಕ್ಕೆ ಕೇಳಿಸಿತು.

ಮಡಿವಾಳಪ್ಪ ನಗಲು ನೋಡಿದ, ಆಗಲಿಲ್ಲ. ಅವಳು ಜನರ ಕಡೆ ತಿರುಗಿದಳು.

"ಆವತ್ತು ಕಳ್ಳ ಬಂದಿದ್ದು ಕತ್ತಲಲ್ಲಲ್ಲ, ಲೈಟ್ ಕಂಬದ ಕೆಳಗೆ. ನಮ್ಮಮ್ಮನ ಸರ ಕಿತ್ಕೊಂಡ್ ಹೋದ. ಅದಕ್ಕೆ ಅತ್ತಿದೀನಿ, ಇನ್ನೂ ಅಳ್ತೀನಿ. ಆದ್ರೆ ಅವ್ನು ತಗೊಂಡಿದ್ದು ಸರ ಒಂದೇ. ನೀವು ಆಕಾಶಾನೇ ಕಿತ್ಕೋತಿದೀರ. ಅದೂ ನನ್ನ ಹೆಸರು ಹೇಳ್ಕೊಂಡು, ನನ್ನ ಬೆರಳಿಂದಾನೇ. ಅದು ಆಗಲ್ಲ."

ಜನರಲ್ ಮ್ಯಾನೇಜರು ಕೈಗಡಿಯಾರ ನೋಡಿಕೊಂಡರು. ಮಡಿವಾಳಪ್ಪನ ಕಿವಿ ಕೆಂಪಾಯಿತು. ಇಷ್ಟು ಜನರ ಮುಂದೆ, ಇಷ್ಟು ಮಾಡಿದ ಮೇಲೆ, ಅವನಿಗೆ ಹಾಗಾಗುವುದು ಸಹಜವೇ.

"ಏನದ ಅಲ್ಲಿ?" ಎಂದು ದಕ್ಷಿಣಕ್ಕೆ ಕೈ ತೋರಿಸಿದ. "ಆ ಕತ್ತಲದಾಗ ಏನದ ಅಂತ ಇಷ್ಟು ಹಟ ಮಾಡ್ತೀರಿ?"

ಭಾನುಮತಿ ಉತ್ತರ ಕೊಡುವ ಮೊದಲೇ ಮುಂದಿನ ಸಾಲಿನಿಂದ ಶಿವಲಿಂಗಮ್ಮ ಎದ್ದಳು. ಹೊಸ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು, ಗಂಡನ ಮುಖ ನೋಡದೆ, ನೇರವಾಗಿ ಜನರೇಟರಿನ ಹತ್ತಿರ ಹೋಗಿ, ಅದನ್ನು ನಿಲ್ಲಿಸು ಎಂದು ನಿಂಗಪ್ಪನಿಗೆ ಹೇಳಿದಳು. ನಿಂಗಪ್ಪ ಅಧ್ಯಕ್ಷರನ್ನು ನೋಡಿದ, ಅಧ್ಯಕ್ಷರ ಹೆಂಡತಿಯನ್ನು ನೋಡಿದ. ಅವನು ದಿನಾ ಮಧ್ಯಾಹ್ನ ಊಟ ಮಾಡುತ್ತಿದ್ದದ್ದು ಅವರ ಮನೆಯಲ್ಲೇ, ರೊಟ್ಟಿ ಬಡಿಸುವ ಕೈ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಜನರೇಟರು ಕೆಮ್ಮಿ ನಿಂತಿತು.

ಕತ್ತಲೆ ಬಂತು. ಮೊದಲು ಗದ್ದಲ, ಆಮೇಲೆ ಕುರ್ಚಿಗಳ ಸದ್ದು. ಹೆಂಗಸರು ಅಭ್ಯಾಸಬಲದಿಂದ ಶಾಮಿಯಾನದಾಚೆ ನಡೆದು ಹುಲ್ಲಿನ ಮೇಲೆ ಕೂರತೊಡಗಿದರು. ಗೌರಮ್ಮನೆಂಬ ಮುದುಕಿ, ಇಷ್ಟು ಹೊತ್ತೂ ಭಾಷಣ ಕೇಳಿ ನಡು ನೋಯುತ್ತಿತ್ತು ಎಂದು ಕಾಲು ಚಾಚಿಯೇಬಿಟ್ಟಳು. ಅವರ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಒಲ್ಲದ ಮನಸ್ಸಿನ ಗಂಡಸರು. ಯಾರೂ ಬೆಂಕಿಕಡ್ಡಿ ಗೀರಬೇಡಿ, ಕಣ್ಣು ಹೊಂದಿಕೊಳ್ಳಲಿ ಎಂದು ಭಾನುಮತಿಯ ದನಿ ಅಪ್ಪಣೆ ಕೊಟ್ಟಿತು. ಸಿಗರೇಟು ಹಚ್ಚಲು ಹೊರಟಿದ್ದ ಜನರಲ್ ಮ್ಯಾನೇಜರು ಲೈಟರನ್ನು ಜೇಬಿಗೆ ಹಾಕಿಕೊಂಡರು.

ನಿಧಾನಕ್ಕೆ ಆಕಾಶ ತೆರೆದುಕೊಂಡಿತು. ಗುಡ್ಡಗಳ ಮೇಲೆ ತ್ರಿಶಂಕು ಓರೆಯಾಗಿ ನಿಂತಿತ್ತು. ಬಲಕ್ಕೆ ಬೆಳಗುವ ಮೋಡ. ಎಡಕ್ಕೆ, ಕೆಳಗೆ, ಬೆಳ್ಳನೆಯ ಪಟ್ಟಿಯ ನಡುವೆ ಆ ಕಪ್ಪು. ಭಾನುಮತಿ ಹೆಚ್ಚು ವಿವರಿಸಲಿಲ್ಲ. ಇಂದೇ ಕೊನೆಯಾದರೆ ಆಗಲಿ, ಎಲ್ಲರೂ ಒಂದು ಸಲ ನೋಡಿಬಿಡಲಿ ಎಂದುಕೊಂಡಳು.

ಮಡಿವಾಳಪ್ಪ ಹೆಂಡತಿಯ ಪಕ್ಕದಲ್ಲಿ ಬಂದು ನಿಂತಿದ್ದ. ಅವಳು ಕೈ ಚಾಚಿ ತೋರಿಸಿದಳು. ಅವನು ಬಹಳ ಹೊತ್ತು ನೋಡಿದ.

"ನನಗೇನೂ ಕಾಣವಲ್ದು" ಎಂದ.

"ಅದನ್ನ ನೋಡ್ರಿ" ಎಂದಳು ಶಿವಲಿಂಗಮ್ಮ.

ಅವನಿಗೆ ಕಂಡಿತೋ ಇಲ್ಲವೋ ಅವನೇ ಬಲ್ಲ. ಆದರೆ ಕತ್ತು ಮೇಲೆತ್ತಿ ನಿಂತವನು ಹಾಗೆಯೇ ನಿಂತಿದ್ದ.

ಕರೆಂಟ್ ಬಂದಾಗ ಎಲ್ಲರೂ ಕಣ್ಣುಜ್ಜಿಕೊಂಡರು. ಶಾಮಿಯಾನ ಬೆಳಗಿತು, ಕಂಬದ ದೀಪ ಮಾತ್ರ ಇನ್ನೂ ಕುರುಡಾಗಿಯೇ ಇತ್ತು. ಮಡಿವಾಳಪ್ಪ ಕಂಬದ ಬುಡದ ಕಲ್ಲನ್ನು ನೋಡಿದ. ಕ್ರಮ ಬಿಟ್ಟು ನಡೆದ ಮನುಷ್ಯನಲ್ಲ ಅವನು. ಕಲ್ಲಿನ ಮೇಲೆ ಒಬ್ಬರ ಹೆಸರು ಕೆತ್ತಿಸಿ ಇನ್ನೊಬ್ಬರ ಕೈಯಲ್ಲಿ ಒತ್ತಿಸುವುದು ಅವನಿಂದಾಗದ ಕೆಲಸ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ದನಿ ಮಾತ್ರ ಇಳಿದಿತ್ತು.

"ನಿಮ್ಮ ಹೆಸರು ಕೆತ್ತಿಸೇವಿ ಮೇಡಂ. ಬ್ಯಾರೆಯವರು ಒತ್ತಾಕ ಬರೂದಿಲ್ಲ. ಏನ್ ಮಾಡೂಣು, ನೀವ ಹೇಳ್ರಿ."

ಭಾನುಮತಿ ಚೀಲಕ್ಕೆ ಕೈ ಹಾಕಿದಳು. ಕೆಂಪು ಮೇಣದ ಬಳಪ ಸಿಕ್ಕಿತು. ಕಂಬದ ಹತ್ತಿರ ಹೋಗಿ, ಎದೆಯ ಮಟ್ಟದಲ್ಲಿ, ಹೊಸ ಬೆಳ್ಳಿ ಬಣ್ಣದ ಮೇಲೆ, ಒಂದು ಅಡ್ಡಗೀಟು ಎಳೆದಳು. ಅದರ ಮೇಲೆ ಒಂದು ಉದ್ದಗೀಟು ಎಳೆದಳು.

"ಕುಲುಮೆಗೆ ಕಳಿಸಿ" ಎಂದಳು.

ಯಾರೋ ಒಬ್ಬರು ಜನರಲ್ ಮ್ಯಾನೇಜರ ಮುಖ ನೋಡಿದರು. ಅವರು ಆ ಕೆಂಪು ಗುರುತನ್ನು ನೋಡಿ, ಶಾಲು ಮಡಚಿಕೊಂಡು, ಕಾರಿನ ಕಡೆ ಹೊರಟರು. ಆ ಗುರುತು ಬಿದ್ದ ಮಾಲನ್ನು ಮುಂದಕ್ಕೆ ಬಿಡಿಸಲು ತಮ್ಮಿಂದ ಆಗುವುದಿಲ್ಲ ಎಂದು ಅವರಿಗೆ ಹಿಂದೆಯೇ ಗೊತ್ತಾಗಿತ್ತು.